ಹೆಸರಿನ ನಡುವೆ ಹರಿಯುವ ಹೊಳೆ

ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದರೆ ಆ ನೀರು ಹಾಲು ಬೆರೆಸದ ತೆಳು ಚಹಾದಂತೆ ಕಾಣುತ್ತದೆ. ಅದು ಕೆಸರಿನ ಬಣ್ಣವಲ್ಲ. ಲೋಟವನ್ನು ಒಂದು ರಾತ್ರಿ ಅಲುಗಾಡಿಸದೆ ಇಟ್ಟರೂ ನೀರು ತಿಳಿಯಾಗುವುದಿಲ್ಲ, ಬಣ್ಣ ನೀರಿನಲ್ಲೇ ಕರಗಿ ಕೂತಿದೆ. ಕಲ್ಲುಗಳ ಮೇಲೆ ತೆಳುವಾಗಿ ಹರಿಯುವಲ್ಲಿ ಜೇನಿನ ಬಣ್ಣ, ಮಡುವಿನಲ್ಲಿ ಕಾಫಿ ಡಿಕಾಕ್ಷನ್ನಿನ ಬಣ್ಣ, ಬಂಡೆಯಿಂದ ಇಳಿಯುವಲ್ಲಿ ಕೆನೆಯಂಥ ನೊರೆ. ಐರ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಆಂಟ್ರಿಮ್ ಕೌಂಟಿಯ ಒಂದು ಕಣಿವೆಯಲ್ಲಿ ಹರಿಯುವ ಈ ಪುಟ್ಟ ಹೊಳೆಯೇ ಈ ಉಪನ್ಯಾಸದ ವಿಷಯ. ನಕ್ಷೆಯಲ್ಲಿ ಅದು ಗ್ಲೆನ್‌ಡನ್ ರಿವರ್. ಐರಿಷ್ ಭಾಷೆಯಲ್ಲಿ ಅದರ ಹೆಸರಿಗೆ ಕಂದು ಹೊಳೆ ಎಂದು ಅರ್ಥ.

ಐರ್ಲೆಂಡಿನ ದೊಡ್ಡ ನದಿಗಳಿಗೆ ದೇವತೆಗಳ ಹೆಸರುಗಳಿವೆ. ಬಾಯ್ನ್ ನದಿ ಬೋಯಿನ್ ಎಂಬ ದೇವಿಯದು, ಶ್ಯಾನನ್ ನದಿ ಶಿನನ್ ಎಂಬವಳದು. ಆ ಹೆಸರುಗಳ ಹಿಂದೆ ಕಥೆಗಳಿವೆ, ಬಾವಿಗಳಿವೆ, ಉಕ್ಕಿ ಬಂದ ನೀರಿನ ಪುರಾಣಗಳಿವೆ. ಚಿಕ್ಕ ಹೊಳೆಗಳಿಗೆ ಹೆಸರಿಟ್ಟವರು ಅಷ್ಟು ದೂರ ಹೋಗಲಿಲ್ಲ. ದಿನಾ ದಾಟುವ ನೀರನ್ನು ದಿಟ್ಟಿಸಿ ನೋಡಿದರು, ಕಂಡ ಬಣ್ಣವನ್ನು ಹೆಸರಾಗಿಸಿದರು. ಕಾರ್ಕ್ ಕೌಂಟಿಯ ಓವನ್‌ಬಾಯ್ ಎಂದರೆ ಹಳದಿ ಹೊಳೆ. ಟಿರೋನ್ ಕೌಂಟಿಯ ಓವನ್‌ರೇ ಎಂದರೆ ಬೂದುಪಟ್ಟೆಗಳ ಹೊಳೆ. ವಿಕ್ಲೋದ ಡಾರ್ಗಲ್ ನದಿಯ ಹೆಸರಿನಲ್ಲಿ ಕೆಂಪಿದೆ, ಡೊನೆಗಾಲ್‌ನ ಫಿನ್ ನದಿಯ ಹೆಸರಿನಲ್ಲಿ ಬಿಳುಪಿದೆ. ಓವನ್ ಎಂದು ಇಂಗ್ಲಿಷ್ ಕಾಗುಣಿತಕ್ಕೆ ಬಂದಿರುವುದು ‘ಅವಿನ್’ ಎಂಬ ಐರಿಷ್ ಪದ. ಹೊಳೆ, ನದಿ ಎರಡಕ್ಕೂ ಅದೇ ಮಾತು.

ಆಂಟ್ರಿಮ್ ಕರಾವಳಿಯಲ್ಲಿ ಒಂಬತ್ತು ಕಣಿವೆಗಳಿವೆ. ಗ್ಲೆನ್‌ಆರ್ಮ್, ಗ್ಲೆನ್‌ಕ್ಲಾಯ್, ಗ್ಲೆನಾರಿಫ್, ಗ್ಲೆನ್‌ಬ್ಯಾಲಿಯಾಮನ್, ಗ್ಲೆನಾನ್, ಗ್ಲೆನ್‌ಕಾರ್ಪ್, ಗ್ಲೆನ್‌ಡನ್, ಗ್ಲೆನ್‌ಶೆಸ್ಕ್, ಗ್ಲೆನ್‌ಟೇಸೀ. ಊರಿನವರು ಒಟ್ಟಾಗಿ ‘ದಿ ಗ್ಲೆನ್ಸ್’ ಎನ್ನುತ್ತಾರೆ; ಅಷ್ಟು ಅಂದರೆ ಸಾಕು, ಬೇರೆ ಯಾವ ಕಣಿವೆಯೆಂದು ಯಾರೂ ಕೇಳುವುದಿಲ್ಲ. ಹಿಮಯುಗದ ಹಿಮನದಿಗಳು ಕೆತ್ತಿದ ಈ ಕಣಿವೆಗಳು ಪ್ರಸ್ಥಭೂಮಿಯಿಂದ ಸಮುದ್ರದ ಕಡೆಗೆ ಇಳಿಯುತ್ತವೆ. ಮೇಲೆ ಹೆಚ್ಚಿನ ಕಡೆ ಕಪ್ಪು ಬಸಾಲ್ಟ್, ಅದರಡಿ ಬಿಳಿ ಸುಣ್ಣಕಲ್ಲು. ಗ್ಲೆನ್‌ಡನ್‌ನ ಕೆಳಭಾಗಕ್ಕೆ ಬಂದರೆ ಅವೆರಡಕ್ಕಿಂತ ಬಹಳ ಹಳೆಯ ಪದರಗಲ್ಲು. ಈ ಸೀಮೆಯ ಅತಿ ಎತ್ತರದ ಬೆಟ್ಟ ಟ್ರೊಸ್ಟನ್, ಎತ್ತರ ಸುಮಾರು 550 ಮೀಟರ್. ಕೊಡಗಿನ ಬೆಟ್ಟ ನೋಡಿದವರಿಗೆ ಅದು ಗುಡ್ಡವೆನಿಸೀತು. ಆದರೆ ಅಟ್ಲಾಂಟಿಕ್‌ನಿಂದ ಬರುವ ಮೋಡಕ್ಕೆ ಅಷ್ಟು ಎತ್ತರವೇ ಸಾಕು. ಅಲ್ಲಿ ಮಳೆ ವರ್ಷವಿಡೀ ಬರುತ್ತದೆ, ಜೋರಾಗಿಯಲ್ಲ, ಬಿಡದೆ.

ಆ ಮಳೆಯೇ ಬಣ್ಣದ ಮೂಲ. ಬೆಟ್ಟದ ತಲೆ ಬಹುಪಾಲು ಚಪ್ಪಟೆ. ನೀರು ಬೇಗ ಇಳಿದು ಹೋಗುವುದಿಲ್ಲ. ತೊಯ್ದ ನೆಲದಲ್ಲಿ ಬೆಳೆದ ಪಾಚಿ, ಜೊಂಡು, ಹೆದರ್ ಗಿಡ ಸತ್ತಾಗ ಗಾಳಿ ಸಿಗದೆ ಪೂರ್ತಿ ಕೊಳೆಯುವುದಿಲ್ಲ. ಅರ್ಧ ಕೊಳೆತು ಪದರದ ಮೇಲೆ ಪದರವಾಗಿ ಸಾವಿರಾರು ವರ್ಷ ಕೂತು ಪೀಟ್ ಆಗುತ್ತದೆ. ಕೈಯಲ್ಲಿ ಹಿಂಡಿದರೆ ನೀರು ಸೋರುವ, ಒಣಗಿಸಿದರೆ ಒಲೆಗೆ ಹಾಕಬಹುದಾದ ಕಪ್ಪು ಹೆಂಟೆ ಅದು. ಐರ್ಲೆಂಡಿನ ಹಳ್ಳಿಗರು ಅದನ್ನು ಟರ್ಫ್ ಎನ್ನುತ್ತಾರೆ, ಇಟ್ಟಿಗೆಯ ಆಕಾರಕ್ಕೆ ಕಡಿದು, ಗಾಳಿಗೆ ಒರಗಿಸಿಟ್ಟು ಒಣಗಿಸಿ ಚಳಿಗಾಲಕ್ಕೆ ಕೂಡಿಡುತ್ತಾರೆ. ಈ ಪೀಟ್‌ನೊಳಗಿಂದ ಜಿನುಗುವ ನೀರು ಸಸ್ಯಗಳ ಹ್ಯೂಮಿಕ್ ಆಮ್ಲಗಳನ್ನು ಕರಗಿಸಿಕೊಂಡು ಬರುತ್ತದೆ. ಚಹಾಪುಡಿಯಿಂದ ಬಣ್ಣ ಇಳಿಯುವ ಹಾಗೆಯೇ. ಬೇಸಿಗೆಯ ಒಣದಿನಗಳ ನಂತರ ಮೊದಲ ದೊಡ್ಡ ಮಳೆ ಬಿದ್ದಾಗ ಬಣ್ಣ ಗಾಢವಾಗುತ್ತದೆ.

ಬ್ರಿಟನ್ನಿನಲ್ಲೂ ಉತ್ತರ ಯುರೋಪಿನ ಹಲವು ಕಡೆಯೂ ಇಂಥ ಬೆಟ್ಟದ ನೀರು 1980ರ ದಶಕದಿಂದೀಚೆಗೆ ಇನ್ನಷ್ಟು ಕಂದಾಗಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಕಲ್ಲಿದ್ದಲ ಹೊಗೆಯಿಂದ ಬರುತ್ತಿದ್ದ ಆಮ್ಲಮಳೆ ಕಡಿಮೆಯಾದದ್ದು ಅದಕ್ಕೆ ಮುಖ್ಯ ಕಾರಣ: ನೆಲದ ಆಮ್ಲ ತಗ್ಗಿದಂತೆ ಪೀಟ್‌ನ ಸಾವಯವ ಅಂಶ ಹೆಚ್ಚು ಸುಲಭವಾಗಿ ಕರಗುತ್ತದೆ. ಕಾರ್ಖಾನೆಗಳಿಗೆ ಮುಂಚಿನ ಕಾಲದಲ್ಲಿ ಹೆಸರಿಟ್ಟವರು ಕಂಡ ಕಂದುಬಣ್ಣ ಹೊಗೆಯ ಕಾಲದಲ್ಲಿ ಕೊಂಚ ಮಾಸಿ, ಈಗ ಮರಳುತ್ತಿದೆ ಎಂದು ಇದನ್ನು ಓದಿಕೊಳ್ಳಬಹುದು.

ಈ ಸೀಮೆಯಲ್ಲಿ ನೀರು ಬೇರೆ ಆಟಗಳನ್ನೂ ಆಡುತ್ತದೆ. ಬ್ಯಾಲಿಕ್ಯಾಸಲ್ ಪಟ್ಟಣದಿಂದ ಈ ಕಡೆಗೆ ಬರುವ ಬೆಟ್ಟದ ರಸ್ತೆಯ ಪಕ್ಕದಲ್ಲಿ ಲೊಖರೀಮಾ ಎಂಬ ಕೆರೆಯಿದೆ. ಕೆಲವು ದಿನ ಅದು ತುಂಬಿ ತುಳುಕುತ್ತದೆ, ಕೆಲವು ದಿನ ಬರಿಯ ಕೆಸರು ಬಯಲು. ಕೆರೆಯಡಿಯ ಸುಣ್ಣಕಲ್ಲಿನಲ್ಲಿ ಬಿಲವಿದೆ. ಪೀಟ್ ಬಂದು ಬಾಯಿ ಕಟ್ಟಿದರೆ ಕೆರೆ ತುಂಬುತ್ತದೆ, ಬಾಯಿ ಬಿಟ್ಟರೆ ಬರಿದಾಗುತ್ತದೆ. 1898ರಲ್ಲಿ ತುಂಬಿದ ಕೆರೆಯನ್ನು ದಾಟಲು ಹೋದ ಒಂದು ಕುದುರೆಗಾಡಿ ಮುಳುಗಿ, ಸವಾರರೂ ಕುದುರೆಗಳೂ ಸತ್ತ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. ಲೊಖರೀಮಾ ಎಂದರೆ ‘ಹೊರಗೆ ಓಡಿಹೋಗುವ ಕೆರೆ’ ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಐರಿಷ್ ಬಲ್ಲ ದಾರಿಹೋಕನಿಗೆ ಆ ಹೆಸರೇ ಎಚ್ಚರಿಕೆಯ ಫಲಕ.

ಈಗ ಹೊಳೆಯ ಹೆಸರಿಗೆ ಬರೋಣ. ಐರಿಷ್‌ನಲ್ಲಿ ಕಂದುಬಣ್ಣಕ್ಕೆ ‘ದೊನ್’ ಎನ್ನುತ್ತಾರೆ. ಮಾಸಲು ಬಣ್ಣವಲ್ಲ, ಮಿಂಚುವ ಕಡುಗಂದು. ಮನುಷ್ಯರ ಕೂದಲಿಗೂ ಆ ಮಾತು ಬಳಸುತ್ತಾರೆ, ದನಕ್ಕೂ ಬಳಸುತ್ತಾರೆ. ಐರಿಷ್‌ನ ಪ್ರಾಚೀನ ವೀರಕಥೆಯಾದ ‘ಟಾನ್ ಬೊ ಕೂಲ್ನ್ಯೆ’ಯಲ್ಲಿ ಇಡೀ ಯುದ್ಧ ನಡೆಯುವುದು ‘ದೊನ್’ ಎಂದೇ ಹೆಸರಾದ ಒಂದು ಕಂದು ಹೋರಿಗಾಗಿ. ಇಂದು ಡನ್ ಎಂಬ ಕುಲನಾಮವಿರುವ ಅನೇಕ ಐರಿಷ್ ಮನೆತನಗಳ ಹೆಸರಿನಲ್ಲಿರುವುದೂ ಇದೇ ಪದ.

ಐರಿಷ್ ವ್ಯಾಕರಣದಲ್ಲಿ ಹೊಳೆ ಸ್ತ್ರೀಲಿಂಗ. ಕನ್ನಡದವರು ಕಾವೇರಿಯನ್ನು ತಾಯಿ ಎಂದು ಕೈಮುಗಿದರೂ ಮಾತಿಗೆ ಬಂದಾಗ ‘ಹೊಳೆ ಬಂತು’ ಎನ್ನುತ್ತಾರೆ, ‘ಬಂದಳು’ ಎನ್ನುವುದು ಹಾಡಿನಲ್ಲಿ ಮಾತ್ರ. ಐರಿಷ್‌ನಲ್ಲಿ ಹಾಗಲ್ಲ, ಪೂಜೆ ಇರಲಿ ಬಿಡಲಿ ವ್ಯಾಕರಣವೇ ಅವಳನ್ನು ಹೆಣ್ಣೆಂದು ಗುರುತಿಸುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ‘ಕಂದು ಹೊಳೆಯ ಕಣಿವೆ’ ಎಂದು ಕನ್ನಡದಲ್ಲಿ ಹೇಳುವಾಗ ಷಷ್ಠೀ ವಿಭಕ್ತಿ ‘ಹೊಳೆ’ಗೆ ಮಾತ್ರ ಹತ್ತುತ್ತದೆ, ‘ಕಂದು’ ಇದ್ದಂತೆಯೇ ಇರುತ್ತದೆ. ಐರಿಷ್‌ನಲ್ಲಿ ಬಣ್ಣದ ಪದವೂ ಹೊಳೆಯ ಜೊತೆ ರೂಪ ಬದಲಿಸಬೇಕು. ‘ದೊನ್’ ಎಂಬುದು ‘ದಿಞ್ಞ’ ಎಂದಾಗುತ್ತದೆ. ಕೊನೆಯ ಆ ಮೆಲುವಾದ ಅಕಾರ ಎರಡು ಸಂಗತಿಗಳನ್ನು ಒಮ್ಮೆಲೇ ಹೇಳುತ್ತದೆ: ಇದು ಯಾರದೋ, ಯಾವುದರದೋ ಆಗಿದೆ, ಆ ಯಾರೋ ಹೆಣ್ಣು.

ಹಾಗಾಗಿ ಕಣಿವೆಯ ಹೆಸರು ಹತ್ತಿರ ಹತ್ತಿರ ‘ಗ್ಲ್ಯಾನ್ ದಿಞ್ಞ’ ಎಂದು ಕೇಳುತ್ತದೆ. ಕನ್ನಡ ಲಿಪಿಯಲ್ಲಿ ಇದನ್ನು ಬರೆಯುವುದು ಒಂದು ಸಂತೋಷ. ಐರಿಷ್‌ನ ಈ ‘ದ’ ಹಲ್ಲಿಗೆ ನಾಲಿಗೆ ತಾಗಿ ಹುಟ್ಟುವ ದ. ಇಂಗ್ಲಿಷ್‌ನ ಡ ಅಲ್ಲ. ಪದದ ನಡುವಿನ ಅನುನಾಸಿಕ ತಾಲುವಿನಿಂದ ಹುಟ್ಟುತ್ತದೆ. ಕನ್ನಡ ವರ್ಣಮಾಲೆಯಲ್ಲಿ ಮಕ್ಕಳು ಕಲಿತು, ಆಮೇಲೆ ಜೀವನಪೂರ್ತಿ ಬಹುತೇಕ ಬಳಸದೆ ಬಿಡುವ ಞ ಅಕ್ಷರ ಇಲ್ಲಿ ಸರಿಯಾಗಿ ಕೂರುತ್ತದೆ. ಇಂಗ್ಲಿಷ್ ಗುಮಾಸ್ತನ ಕೈಯಲ್ಲಿ ಈ ಎರಡಕ್ಕೂ ಅಕ್ಷರವಿರಲಿಲ್ಲ. ಅವನು ಡನ್ ಎಂದು ಬರೆದುಕೊಂಡ. ದ ಹೋಗಿ ಡ ಬಂತು, ಞ ಹೋಗಿ ನ ಬಂತು, ಕೊನೆಯ ಸ್ವರ ಉದುರಿತು. ಅದರೊಂದಿಗೆ ವಿಭಕ್ತಿಯೂ ಉದುರಿತು, ಹೆಣ್ಣೂ ಉದುರಿದಳು.

ಆಮೇಲೆ ಒಂದು ವಿಚಿತ್ರ ಸುತ್ತು ನಡೆಯಿತು. ಮೊದಲು ಹೊಳೆಗೆ ಹೆಸರಿತ್ತು. ಹೊಳೆಯಿಂದ ಕಣಿವೆಗೆ ಹೆಸರು ಬಂತು: ಕಂದು ಹೊಳೆಯ ಕಣಿವೆ, ಗ್ಲೆನ್‌ಡನ್. ಅರ್ಥ ಮರೆತ ಮೇಲೆ, ಆ ಕಣಿವೆಯಲ್ಲಿ ಹರಿಯುವ ನೀರಿಗೆ ಏನೆನ್ನಬೇಕು ಎಂಬ ಪ್ರಶ್ನೆ ಎದ್ದಾಗ ನಕ್ಷೆ ಮಾಡುವವರು ಕಣಿವೆಯ ಹೆಸರನ್ನೇ ಹೊಳೆಗೆ ಹಚ್ಚಿದರು. ಗ್ಲೆನ್‌ಡನ್ ರಿವರ್: ಕಂದು ಹೊಳೆಯ ಕಣಿವೆಯ ಹೊಳೆ. ಕನ್ನಡದವರು ‘ನಡುಮಧ್ಯ’, ‘ಗೇಟುಬಾಗಿಲು’ ಎನ್ನುವಾಗ ಹೀಗೆಯೇ ಒಂದು ಪದದ ಅರ್ಥ ಇನ್ನೊಂದರ ಬೆನ್ನೇರುತ್ತದೆ. ಆದರೆ ಅಲ್ಲಿ ಎರಡೂ ಪದಗಳು ಜೀವಂತ. ಇಲ್ಲಿ ಹೊಳೆ ತಾನು ಕೊಟ್ಟ ಹೆಸರನ್ನೇ ಕಣಿವೆಯಿಂದ ಸಾಲ ತಂದುಕೊಂಡಿದೆ. ಪಕ್ಕದ ಗ್ಲೆನ್‌ಆರ್ಮ್, ಗ್ಲೆನಾರಿಫ್, ಗ್ಲೆನ್‌ಶೆಸ್ಕ್ ಹೊಳೆಗಳನ್ನೂ ನಕ್ಷೆ ಕಣಿವೆಯ ಹೆಸರಿನಿಂದಲೇ ಕರೆಯುತ್ತದೆ.

ಹಾಗಾದರೆ ಹೊಳೆ ಎಂಬ ಪದ ಪೂರ್ತಿ ಅಳಿಸಿಹೋಯಿತೇ? ಇಲ್ಲ. ಹೊಳೆ ಸಮುದ್ರ ಸೇರುವಲ್ಲಿ ಒಂದು ಹಳ್ಳಿಯಿದೆ. ಅದರ ಹೆಸರು ಕುಶೆಂಡನ್. ಇದನ್ನು ಬಿಡಿಸಿ ಇಡಬೇಕು: ಕುಶ್-ಎನ್-ಡನ್. ಮೊದಲ ತುಂಡು ‘ಕೊಶ್’, ಎಂದರೆ ಪಾದದಲ್ಲಿ, ಪಕ್ಕದಲ್ಲಿ. ಕೊನೆಯ ತುಂಡು ಕಂದು. ನಡುವಿನ ‘ಎನ್’ ಏನು? ‘ಅವಿನ್’ ಎಂಬ ಹೊಳೆಯ ಪದಕ್ಕೆ ಷಷ್ಠಿಯಲ್ಲಿ ‘ಅವನ್’ ಎಂಬ ರೂಪ. ಉತ್ತರದವರ ಬಾಯಲ್ಲಿ ಅದು ‘ಓನ್’ ಎನ್ನುವಷ್ಟು ಸವೆಯುತ್ತದೆ. ಒತ್ತು ಬೀಳದ ನಡುಜಾಗದಲ್ಲಿ ಅದೇ ಇನ್ನೂ ಸವೆದು ಎನ್ ಆಗಿದೆ. ಇಡೀ ಹೊಳೆ ಈ ಒಂದಕ್ಷರದೊಳಗೆ ಇದೆ. ಒಂದು ಮಾತು ಆಡುವಷ್ಟರಲ್ಲಿ ಜಾರಿಹೋಗುವ, ಯಾರೂ ಒತ್ತಿ ಹೇಳದ, ಆದರೆ ಯಾರೂ ಬಿಡಲೂ ಆಗದ ಅಕ್ಷರ. ಕಣಿವೆಯ ಹೆಸರಿನಿಂದ ಹೊಳೆ ಬಿದ್ದುಹೋಯಿತು, ನಕ್ಷೆಯಲ್ಲಿ ತಿರುಗುಮುರುಗಾಯಿತು. ಅಳಿವೆಯ ಹಳ್ಳಿ ಮಾತ್ರ ಅದನ್ನು ಬಾಯೊಳಗೆ ಇಟ್ಟುಕೊಂಡಿತು. ತುಸು ದಕ್ಷಿಣಕ್ಕಿರುವ ಕುಶೆಂಡಾಲ್ ಎಂಬ ಊರಿನ ಹೆಸರಿನಲ್ಲೂ ನಡುವೆ ಇದೇ ‘ಎನ್’ ಇದೆ, ಅಲ್ಲಿನ ಡಾಲ್ ಎಂಬ ಹೊಳೆಗಾಗಿ. ಇಂದು ಕುಶೆಂಡನ್‌ಗೆ ಐರಿಷ್‌ನಲ್ಲಿ ಬರೆಯುವ ಹೆಸರು ‘ಬುನ್ ಅವನ್ ದಿಞ್ಞ’. ಬುನ್ ಎಂದರೆ ಬುಡ, ಕೊನೆ. ಹೊಳೆಯ ವಿಷಯದಲ್ಲಿ ಅಳಿವೆ.

ಇಂಗ್ಲಿಷ್ ಕಾಗುಣಿತವನ್ನು ಮಾತ್ರ ನಂಬಿದವರು ಈ ಹೆಸರಿನಲ್ಲಿ ದಾರಿ ತಪ್ಪುವುದು ಸುಲಭ. ಐರ್ಲೆಂಡಿನಲ್ಲಿ ಡನ್ ಎಂದು ಶುರುವಾಗುವ ಊರುಗಳು ನೂರಾರು. ಅವುಗಳಲ್ಲಿ ಹೆಚ್ಚಿನವು ‘ದೂನ್’, ಎಂದರೆ ಕೋಟೆ. ಇದೇ ಆಂಟ್ರಿಮ್‌ನ ಉತ್ತರ ದಂಡೆಯಲ್ಲಿ ಡನ್‌ಲೂಸ್ ಇದೆ, ಡನ್‌ಸೆವರಿಕ್ ಇದೆ. ಎರಡರಲ್ಲೂ ಕೋಟೆಯ ಗೋಡೆಗಳು ಇಂದಿಗೂ ನಿಂತಿವೆ. ಹಾಗಾಗಿ ಕುಶೆಂಡನ್‌ನಲ್ಲೂ ಕೋಟೆ ಹುಡುಕಬೇಕೆನಿಸುವುದು ಸಹಜ. ಇನ್ನೊಂದು ಕಡೆ ಇಂಗ್ಲಿಷ್‌ನಲ್ಲೇ ಡನ್ ಎಂದರೆ ಮಾಸಲು ಕಂದು ಎಂಬ ಅರ್ಥ ಬೇರೆ ಇದೆ. ಅದನ್ನು ಹಿಡಿದವರು ಅರ್ಥಕ್ಕೆ ಸರಿಯಾಗಿಯೇ ತಲುಪುತ್ತಾರೆ, ದಾರಿ ಮಾತ್ರ ತಪ್ಪು. ಒಂದೇ ಕಾಗುಣಿತದಡಿ ಕೋಟೆ ಮತ್ತು ಬಣ್ಣ ಎರಡೂ ಹುದುಗಿರುವಾಗ ಬಿಡಿಸಿ ಹೇಳಬಲ್ಲದ್ದು ಹಳೆಯ ದಾಖಲೆಗಳು, ಮತ್ತು ಆ ಹೆಸರನ್ನು ಮಾತಾಗಿ ಆಡಿದವರ ನಾಲಿಗೆ.

ಐರ್ಲೆಂಡಿನ ಹೆಸರುಗಳು ಇಂಗ್ಲಿಷ್ ಕಾಗುಣಿತದಲ್ಲಿ ಗಟ್ಟಿಯಾದದ್ದು 19ನೇ ಶತಮಾನದ ದೊಡ್ಡ ಭೂಮಾಪನದಲ್ಲಿ. ಥಾಮಸ್ ಕಾಲ್ಬಿಯ ನೇತೃತ್ವದಲ್ಲಿ 1824ರಲ್ಲಿ ಆರ್ಡ್‌ನೆನ್ಸ್ ಸರ್ವೇ ಐರ್ಲೆಂಡಿನಲ್ಲಿ ಕೆಲಸ ಶುರುಮಾಡಿತು. ಒಂದು ಮೈಲಿಗೆ ಆರು ಇಂಚಿನಂತೆ ಇಡೀ ದೇಶದ ನಕ್ಷೆ ಬರೆಯುವುದು ಗುರಿ. 1846ರ ಹೊತ್ತಿಗೆ ಅದು ಮುಗಿಯಿತು. ಆ ಕೆಲಸದ ಅಡಿಗಲ್ಲು ಆಂಟ್ರಿಮ್‌ನಿಂದ ದೂರವಲ್ಲದ ಫಾಯ್ಲ್ ಕೊಲ್ಲಿಯ ದಂಡೆಯ ಮೇಲೆ 1827-28ರಲ್ಲಿ ಅಳೆದ ಸುಮಾರು ಎಂಟು ಮೈಲಿಯ ಒಂದು ನೇರ ಗೆರೆ. ಬಿಸಿಲಿಗೆ ಲೋಹ ಹಿಗ್ಗುವುದರಿಂದ ಅಳತೆ ತಪ್ಪುತ್ತದೆ. ಅದಕ್ಕಾಗಿ ಕಾಲ್ಬಿ ಹಿತ್ತಾಳೆ ಮತ್ತು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಒಂದರ ಹಿಗ್ಗನ್ನು ಇನ್ನೊಂದು ಸರಿದೂಗಿಸುವ ಅಳತೆಗೋಲು ಮಾಡಿಸಿದ. ಈ ಗೋಲು ಕನ್ನಡ ನಾಡಿಗೂ ಬಂದಿದೆ. ಭಾರತದ ಮಹಾ ತ್ರಿಕೋನಮಾಪನದ ಮುಖ್ಯಸ್ಥ ಜಾರ್ಜ್ ಎವರೆಸ್ಟ್ 1829ರಲ್ಲಿ ಐರ್ಲೆಂಡಿಗೆ ಹೋಗಿ ಕಾಲ್ಬಿಯ ಕೆಲಸ ನೋಡಿದ, ಅದೇ ಮಾದರಿಯ ಗೋಲುಗಳನ್ನು ಭಾರತಕ್ಕೆ ತಂದ. 1841ರಲ್ಲಿ ಬೀದರಿನ ಆಧಾರರೇಖೆಯನ್ನೂ 1868ರಲ್ಲಿ ಬೆಂಗಳೂರಿನ ಆಧಾರರೇಖೆಯನ್ನೂ ಅಳೆದದ್ದು ಅವುಗಳಿಂದಲೇ.

ಅಳತೆಗೆ ಗೋಲಿತ್ತು. ಹೆಸರಿಗೆ ಕಿವಿ ಬೇಕಿತ್ತು. ಆ ಕಿವಿ ಜಾನ್ ಓಡೊನೊವನ್‌ನದು. ಕಿಲ್ಕೆನಿ ಕೌಂಟಿಯಲ್ಲಿ 1806ರಲ್ಲಿ ಹುಟ್ಟಿದ ಈ ವಿದ್ವಾಂಸ 1830ರಲ್ಲಿ ಸರ್ವೇಗೆ ಸೇರಿದ. 1834ರಿಂದ ಊರೂರು ನಡೆದ. ಮುದುಕರನ್ನು ಮಾತಾಡಿಸಿ ಹೆಸರುಗಳನ್ನು ಅವರ ಬಾಯಲ್ಲಿ ಹೇಳಿಸಿ ಕೇಳಿದ, ಹಳೆಯ ಹಸ್ತಪ್ರತಿಗಳೊಂದಿಗೆ ಹೋಲಿಸಿದ, ಐರಿಷ್ ರೂಪ ಬರೆದಿಟ್ಟ, ಇಂಗ್ಲಿಷ್ ಕಾಗುಣಿತ ಸೂಚಿಸಿದ. ಅವನು ಕ್ಷೇತ್ರಕ್ಕಿಳಿಯುವ ಹೊತ್ತಿಗೆ ಆಂಟ್ರಿಮ್‌ನ ಅಳತೆ ಬಹುಮಟ್ಟಿಗೆ ಮುಗಿದಿತ್ತು ಎಂಬುದು ಈ ಕಣಿವೆಗಳ ದುರದೃಷ್ಟ. ಈ ಸರ್ವೇಯನ್ನೇ ವಸ್ತುವಾಗಿಟ್ಟು ಬ್ರಯನ್ ಫ್ರೀಲ್ ಬರೆದ ‘ಟ್ರಾನ್ಸ್‌ಲೇಷನ್ಸ್’ ನಾಟಕ 1980ರಲ್ಲಿ ಡೆರಿ ನಗರದಲ್ಲಿ ಮೊದಲು ರಂಗಕ್ಕೆ ಬಂತು. ಅದರಲ್ಲಿ ಇಬ್ಬರು ಕೂತು ಒಂದೊಂದೇ ಹೆಸರನ್ನು ಇಂಗ್ಲಿಷ್‌ಗೆ ಇಳಿಸುವ ದೃಶ್ಯವಿದೆ. ಅವರು ತಡಕಾಡುವ ಹೆಸರುಗಳಲ್ಲಿ ಒಂದು ‘ಬುನ್ ನ ಹವನ್’, ಎಂದರೆ ಹೊಳೆಯ ಬುಡ. ಕುಶೆಂಡನ್‌ನ ಐರಿಷ್ ಹೆಸರಿನಲ್ಲಿರುವುದೂ ಅದೇ ಎರಡು ಪದ. ನಾಟಕದಲ್ಲಿ ಅದು ಕೊನೆಗೆ ಬರ್ನ್‌ಫುಟ್ ಆಗುತ್ತದೆ. ಅರ್ಥ ದಾಟಿತು, ದನಿ ಸತ್ತಿತು. ಕುಶೆಂಡನ್‌ಗೆ ಆದದ್ದು ಇದರ ತಿರುವು: ದನಿ ಒಂದಷ್ಟು ಉಳಿಯಿತು, ಅರ್ಥ ಮರೆಯಾಯಿತು. ಎರಡರಲ್ಲಿ ಎರಡನೆಯದೇ ಲೇಸು. ಉಳಿದ ದನಿಯಿಂದ ಅರ್ಥವನ್ನು ಮರಳಿ ಹುಡುಕಬಹುದು.

ಆಂಟ್ರಿಮ್‌ಗೂ ಕನ್ನಡಕ್ಕೂ ಇನ್ನೊಂದು ನಂಟಿದೆ, ಅದೂ ಭಾಷೆಯದೇ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿ, ಕನ್ನಡ, ತಮಿಳು, ತೆಲುಗು, ಮಲಯಾಳಂ, ತುಳುಗಳು ಒಂದೇ ಮನೆತನದವೆಂದು ವಿಸ್ತಾರವಾಗಿ ತೋರಿಸಿದ ರಾಬರ್ಟ್ ಕಾಲ್ಡ್‌ವೆಲ್ ಹುಟ್ಟಿದ್ದು 1814ರಲ್ಲಿ ಇದೇ ಆಂಟ್ರಿಮ್ ಕೌಂಟಿಯಲ್ಲಿ. ಅವನು ಬಾಲ್ಯದಲ್ಲೇ ಸ್ಕಾಟ್‌ಲ್ಯಾಂಡಿಗೆ ಹೋದ, ದುಡಿದದ್ದು ತಿರುನೆಲ್ವೇಲಿಯಲ್ಲಿ. ಅವನ ಹುಟ್ಟಿದ ಕೌಂಟಿಯಲ್ಲಿ ಅದೇ ಶತಮಾನದಲ್ಲಿ ಒಂದು ಭಾಷೆ ಮೌನವಾಗುತ್ತಿತ್ತು.

ಗ್ಲೆನ್ಸ್‌ನ ಐರಿಷ್‌ಗೆ ಸ್ಕಾಟ್‌ಲ್ಯಾಂಡಿನ ಗೇಲಿಕ್ ತೀರಾ ಹತ್ತಿರ. ಕಾರಣ ದಂಡೆಯಲ್ಲಿ ನಿಂತರೇ ಕಾಣುತ್ತದೆ. ಕುಶೆಂಡನ್‌ನ ಉತ್ತರಕ್ಕಿರುವ ಟಾರ್ ಹೆಡ್ ಎಂಬ ಭೂಶಿರದಿಂದ ಸ್ಕಾಟ್‌ಲ್ಯಾಂಡಿನ ಕಿಂಟೈರ್ ಸುಮಾರು 20 ಕಿಲೋಮೀಟರ್; ತಿಳಿ ದಿನದಲ್ಲಿ ಅಲ್ಲಿನ ಮನೆಗಳು ಕಾಣುತ್ತವೆ. ಕಣಿವೆಗಳನ್ನು ಜೋಡಿಸುವ ಕರಾವಳಿ ರಸ್ತೆಯ ಕೆಲಸ ಶುರುವಾದದ್ದು 1832ರಲ್ಲಿ. ಅದಕ್ಕೆ ಮುಂಚೆ ಬೆಟ್ಟ ಹತ್ತಿ ಬೆಲ್‌ಫಾಸ್ಟ್‌ಗೆ ಹೋಗುವುದಕ್ಕಿಂತ ದೋಣಿಯಲ್ಲಿ ಸ್ಕಾಟ್‌ಲ್ಯಾಂಡಿಗೆ ಹೋಗುವುದೇ ಸಲೀಸು. ಮ್ಯಾಕ್‌ಡೊನಲ್ ಮನೆತನ ಎರಡೂ ದಂಡೆಗಳಲ್ಲಿ ಬೇರು ಬಿಟ್ಟಿತ್ತು. ಐರ್ಲೆಂಡಿನ ಉತ್ತರದ ಪ್ರಾಂತ್ಯವಾದ ಆಲ್ಸ್ಟರ್‌ನ ಪ್ರಬಲ ದೊರೆ ಶೇನ್ ಓನೀಲ್ 1567ರಲ್ಲಿ ಅವರ ಕೈಯಲ್ಲೇ ಕುಶೆಂಡನ್ ಬಳಿ ಹತನಾದ. ಈ ಸಮುದ್ರದ ನೆರೆಹೊರೆ ಮಾತಿಗೂ ಇಳಿದಿತ್ತು. ದಕ್ಷಿಣದ ಐರಿಷ್‌ನವರು ‘ಇಲ್ಲ’ ಎನ್ನಲು ‘ನೀ’ ಎಂದು ಶುರುಮಾಡಿದರೆ ಇಲ್ಲಿನವರು ಸ್ಕಾಟ್‌ಲ್ಯಾಂಡಿನವರಂತೆ ‘ಖಾ’ ಎನ್ನುತ್ತಿದ್ದರು.

ಕಣಿವೆಗಳಿಗೆ ರಸ್ತೆ ಬಂತು, ಇಂಗ್ಲಿಷ್ ಶಾಲೆ ಬಂತು, ವಲಸೆ ಶುರುವಾಯಿತು. ಅಪ್ಪ ಅಮ್ಮ ತಮ್ಮೊಳಗೆ ಐರಿಷ್ ಆಡುತ್ತ ಮಕ್ಕಳೊಂದಿಗೆ ಇಂಗ್ಲಿಷ್ ಆಡುವ ಮನೆಗಳು ಹೆಚ್ಚಾದವು. ಸ್ವೀಡನ್ನಿನ ಭಾಷಾವಿಜ್ಞಾನಿ ನಿಲ್ಸ್ ಹೋಲ್ಮರ್ ಬಂದು ಗ್ಲೆನ್ಸ್‌ನ ಐರಿಷ್ ಬಗ್ಗೆ ಪುಸ್ತಕ ಪ್ರಕಟಿಸಿದ್ದು 1940ರಲ್ಲಿ. ಅದರ ಶೀರ್ಷಿಕೆಯಲ್ಲೇ ‘ಅವಶೇಷಗಳು’ ಎಂಬ ಮಾತಿದೆ. ಅದಕ್ಕೂ ಮುಂಚೆ, 1931ರಲ್ಲಿ, ಜರ್ಮನಿಯ ವಿಲ್ಹೆಲ್ಮ್ ಡೂಗನ್ ಬೆಲ್‌ಫಾಸ್ಟ್‌ನಲ್ಲಿ ಆಲ್ಸ್ಟರ್‌ನ ಐರಿಷ್ ಮಾತುಗಾರರ ದನಿಗಳನ್ನು ಅರಗಿನ ತಟ್ಟೆಗಳ ಮೇಲೆ ಮುದ್ರಿಸಿಕೊಂಡಿದ್ದ. ಈಗ ರಾಯಲ್ ಐರಿಷ್ ಅಕಾಡೆಮಿ ಅವನ್ನು ಡಿಜಿಟಲ್ ಮಾಡಿ ಎಲ್ಲರೂ ಕೇಳುವಂತೆ ಇಟ್ಟಿದೆ. ಬೈಬಲ್ಲಿನ ದಾರಿತಪ್ಪಿದ ಮಗನ ಕಥೆಯನ್ನು ಹಲವರು ತಮ್ಮ ತಮ್ಮ ಸೀಮೆಯ ಮಾತಿನಲ್ಲಿ ಹೇಳಿದ್ದಾರೆ. ಗರಗರ ಸದ್ದಿನ ನಡುವೆ ಒಂದೊಂದು ಪದ ತೇಲಿ ಬರುತ್ತದೆ.

ಗ್ಲೆನ್ಸ್‌ನ ಐರಿಷ್ ಅನ್ನು ಹುಟ್ಟುಮಾತಾಗಿ ಆಡುತ್ತಿದ್ದ ಕೊನೆಯವರೆಂದು ದಾಖಲಾದವರು ಗ್ಲೆನಾರಿಫ್‌ನ ಶೇಮಸ್ ಮ್ಯಾಕಾಲಿ. ಅವರು ತೀರಿಕೊಂಡದ್ದು 1983ರಲ್ಲಿ. ಊರಿನಲ್ಲಿ ಅವರನ್ನು ಗುರುತಿಸುತ್ತಿದ್ದುದು ‘ಶೇಮಸ್ ವ್ರಿಯಾನ್’ ಎಂದು. ಬ್ರಿಯಾನ್‌ನ ಶೇಮಸ್, ಹಳೆ ಮೈಸೂರಿನ ಕಡೆ ‘ನಂಜಪ್ಪನ ಮಗ ಸಿದ್ದ’ ಎಂದ ಹಾಗೆ. ಈ ಹೆಸರಿನಲ್ಲೂ ಷಷ್ಠಿಯಿದೆ, ಆದರೆ ಐರಿಷ್ ರೀತಿಯಲ್ಲಿ: ಪದದ ತಲೆಯ ಬಕಾರ ಮೆತ್ತಗಾಗಿ ವಕಾರವಾಗಿದೆ, ಬ್ರಿಯಾನ್ ವ್ರಿಯಾನ್ ಆಗಿದ್ದಾನೆ. ಹೊಳೆಯ ಹೆಸರಿನ ಕೊನೆಯಲ್ಲಿ ಕಂಡ ವ್ಯಾಕರಣವೇ ಇಲ್ಲಿ ಒಬ್ಬ ಮನುಷ್ಯನ ಹೆಸರಿನ ನಡುವೆ ಉಸಿರಾಡುತ್ತಿತ್ತು.

ಆದರೆ ಆ ಭಾಷೆಯ ಮೇಲೆ ಪ್ರೀತಿ ಇಟ್ಟವರು ಅದನ್ನು ಹುಟ್ಟುಮಾತಾಗಿ ಆಡಿದವರಷ್ಟೇ ಅಲ್ಲ. 1904ರ ಜೂನ್‌ನಲ್ಲಿ ಗ್ಲೆನಾರಿಫ್‌ನಲ್ಲಿ ‘ಫೆಶ್ ನ ನ್‌ಗ್ಲ್ಯಾನ್’, ಕಣಿವೆಗಳ ಉತ್ಸವ, ಮೊದಲ ಬಾರಿ ನಡೆಯಿತು. ಹಾಡು, ಕುಣಿತ, ಕೈಕಸುಬು, ಹರ್ಲಿಂಗ್ ಆಟ, ಐರಿಷ್ ಭಾಷೆಯ ಸ್ಪರ್ಧೆ. ಅದರ ಹಿಂದೆ ಐರಿಷ್ ರಾಷ್ಟ್ರವಾದಿ ರೋಜರ್ ಕೇಸ್‌ಮೆಂಟ್‌ನಂಥವರಿದ್ದರು. ಅವನಷ್ಟೇ ನೆನೆಯಬೇಕಾದವರು ಕುಶೆಂಡನ್‌ನ ಏಡಾ ಮಕ್‌ನೀಲ್ ಮತ್ತು ಕುಶೆಂಡಾಲ್ ಬಳಿಯ ಮಾರ್ಗರೆಟ್ ಡಾಬ್ಸ್. ಇಬ್ಬರೂ ಸ್ಥಿತಿವಂತ ಪ್ರಾಟೆಸ್ಟಂಟ್ ಮನೆಗಳ ಹೆಣ್ಣುಮಕ್ಕಳು. ಏಡಾ ಅವರ ಬಂಧು ರೊನಾಲ್ಡ್ ಮಕ್‌ನೀಲ್ ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ಪಕ್ಷದ ದೊಡ್ಡ ಮುಂದಾಳು, ಮುಂದೆ ಲಾರ್ಡ್ ಕುಶೆಂಡನ್ ಎಂಬ ಬಿರುದು ಪಡೆದವನು. ಐರಿಷ್ ಎಂದರೆ ಒಂದು ಮತದ, ಒಂದು ಪಕ್ಷದ ಸೊತ್ತೆಂದು ಉತ್ತರ ಐರ್ಲೆಂಡಿನಲ್ಲಿ ನಂಬಿಸಲು ನಡೆದ ಪ್ರಯತ್ನಕ್ಕೆ ಈ ಹೆಂಗಸರ ಬದುಕೇ ಉತ್ತರ. ಡಾಬ್ಸ್ ಹಳೆಯ ಐರಿಷ್ ಪಠ್ಯಗಳ ಗಂಭೀರ ವಿದ್ವಾಂಸೆಯಾದರು, 1962ರಲ್ಲಿ ತೀರಿಕೊಳ್ಳುವವರೆಗೂ ಗ್ಲೆನ್ಸ್‌ನಲ್ಲೇ ಬಾಳಿದರು.

ಸರ್ಕಾರದ ದಾರಿ ನಿಧಾನ. ಬೀದಿಹೆಸರಿನ ಫಲಕಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದೆಂದು 1949ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಕಾನೂನಾಗಿತ್ತು. ಅದು ಸಡಿಲಗೊಂಡದ್ದು 1995ರಲ್ಲಿ. ಐರಿಷ್‌ಗೆ ಅಲ್ಲಿ ಅಧಿಕೃತ ಮನ್ನಣೆ ಕೊಡುವ ಕಾಯಿದೆ ಬಂದದ್ದು 2022ರಲ್ಲಿ. ಈ ನಡುವೆ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ 1987ರಲ್ಲಿ ಶುರುವಾದ ಸ್ಥಳನಾಮ ಯೋಜನೆ ಸದ್ದಿಲ್ಲದೆ ದೊಡ್ಡ ಕೆಲಸ ಮಾಡಿತು. ಈಶಾನ್ಯ ಆಂಟ್ರಿಮ್‌ನ ಹೆಸರುಗಳ ಸಂಪುಟವನ್ನು ಫಿಯಖ್ರ ಮಾಕ್ ಗವನ್ 1997ರಲ್ಲಿ ಹೊರತಂದರು. ಒಂದೊಂದು ಹೆಸರಿಗೂ ಶತಮಾನಗಳ ಉದ್ದಕ್ಕೆ ಸಿಕ್ಕ ಕಾಗುಣಿತಗಳನ್ನೆಲ್ಲ ಕಾಲಕ್ರಮದಲ್ಲಿ ಪೇರಿಸಿ, ಅದರಿಂದ ಮೂಲವನ್ನು ತರ್ಕಿಸುವ ಕೆಲಸ ಅದು. ತೆರಿಗೆ ಲೆಕ್ಕ, ಜಮೀನಿನ ಕ್ರಯಪತ್ರ, ಸೈನಿಕನ ನಕ್ಷೆ ಎಲ್ಲವೂ ಅಲ್ಲಿ ಸಾಕ್ಷಿ ನುಡಿಯುತ್ತವೆ. 2021ರ ಜನಗಣತಿಯಲ್ಲಿ ಉತ್ತರ ಐರ್ಲೆಂಡಿನ ಮೂರು ವರ್ಷ ಮೀರಿದವರಲ್ಲಿ ಶೇ. 12.4ರಷ್ಟು ಮಂದಿ ತಮಗೆ ಐರಿಷ್ ಅಷ್ಟಿಷ್ಟಾದರೂ ಬರುತ್ತದೆ ಎಂದಿದ್ದಾರೆ. ಅದನ್ನು ಮುಖ್ಯಭಾಷೆಯಾಗಿ ಆಡುವವರು ಶೇ. 0.3 ಮಾತ್ರ. ಮೊದಲ ಅಂಕಿಯನ್ನು ನೋಡಿ ಹಿಗ್ಗುವುದೂ ಬೇಡ, ಎರಡನೆಯದನ್ನು ನೋಡಿ ಕೈಚೆಲ್ಲುವುದೂ ಬೇಡ. ಕಲಿತವರ ಭಾಷೆಗೂ ಹೆಸರನ್ನು ಬಿಡಿಸಿ ಓದುವ ಶಕ್ತಿ ಇದ್ದೇ ಇದೆ.

ಇಂದು ಕಣಿವೆಯ ನಡುವೆ ಹೊಳೆಯ ಮೇಲೆ ಎತ್ತರದ ಕಮಾನು ಸೇತುವೆಯೊಂದು ನಿಂತಿದೆ. ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನ ಕಟ್ಟಡಕ್ಕೆ ಹೆಸರಾದ ಚಾರ್ಲ್ಸ್ ಲ್ಯಾನ್ಯನ್ ವಿನ್ಯಾಸ ಮಾಡಿದ ಅದು 1839ರಲ್ಲಿ ಮುಗಿಯಿತು. ಊರವರಿಗೆ ಅದು ‘ದೊಡ್ಡ ಸೇತುವೆ’ ಅಷ್ಟೇ. ಕೆಳಗೆ, ಅಳಿವೆಯ ಹಳ್ಳಿಯ ಬಿಳಿ ಮನೆಗಳನ್ನು ಕ್ಲಫ್ ವಿಲಿಯಮ್ಸ್-ಎಲಿಸ್ ಎಂಬ ವಾಸ್ತುಶಿಲ್ಪಿ ಲಾರ್ಡ್ ಕುಶೆಂಡನ್‌ಗಾಗಿ ಕಟ್ಟಿಕೊಟ್ಟ. 1954ರಿಂದ ಹಳ್ಳಿಯ ಬಹುಭಾಗ ನ್ಯಾಷನಲ್ ಟ್ರಸ್ಟ್‌ನ ರಕ್ಷಣೆಯಲ್ಲಿದೆ. ಹೊಳೆಯ ದಡದಲ್ಲಿ ಒಂದು ಮೇಕೆಯ ಪ್ರತಿಮೆಯಿದೆ. 2001ರಲ್ಲಿ ಕಾಲುಬಾಯಿ ರೋಗ ಹರಡಿದಾಗ ಕೊಲ್ಲಬೇಕಾಗಿ ಬಂದ, ಊರವರ ಅಕ್ಕರೆಯ ಮೇಕೆ ಅದು. ಪ್ರವಾಸಿಗರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಪಕ್ಕದ ಕೆಂಪುಗಲ್ಲಿನ ಗುಹೆಗಳನ್ನು ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯಲ್ಲಿ ಕಂಡದ್ದನ್ನು ನೆನೆದು ಅತ್ತ ನಡೆಯುತ್ತಾರೆ.

ಗಾಳ ಹಿಡಿದವರು ಮಾತ್ರ ನೀರನ್ನೇ ನೋಡುತ್ತಾರೆ. ಇದು ಮಳೆ ಬಂದರಷ್ಟೇ ಏರುವ ಹೊಳೆ. ಬೇಸಿಗೆಯ ಕೊನೆಗೆ ಬೆಟ್ಟದ ಮೇಲೆ ಮಳೆ ಸುರಿದು ನೀರು ಕಡುಗಂದಾಗಿ ಇಳಿದು ಬಂದಾಗ ಸಮುದ್ರದಿಂದ ಸಾಲ್ಮನ್ನೂ ಸಮುದ್ರದ ಟ್ರೌಟೂ ಹೊಳೆ ಹತ್ತುತ್ತವೆ. ನೆರೆ ಇಳಿಯುತ್ತ, ಬಣ್ಣ ಕಪ್ಪಿನಿಂದ ಚಹಾಕ್ಕೆ ತಿರುಗುವ ಹೊತ್ತು ಗಾಳಕ್ಕೆ ಒಳ್ಳೆಯ ಹೊತ್ತು. ಟ್ರೌಟ್ ಮೀನಿಗೆ ಐರಿಷ್‌ನಲ್ಲಿ ಎರಡು ಹೆಸರುಗಳಿವೆ. ಹೊಳೆಯಲ್ಲೇ ಹುಟ್ಟಿ ಹೊಳೆಯಲ್ಲೇ ಉಳಿಯುವುದು ‘ಬ್ರ್ಯಾಕ್ ದೊನ್’, ಕಂದು ಟ್ರೌಟ್. ಅದೇ ಜಾತಿಯ ಮೀನು ಸಮುದ್ರಕ್ಕೆ ಹೋಗಿ ಬೆಳೆದು ಬೆಳ್ಳಿಯ ಮೈ ಪಡೆದು ಬಂದರೆ ‘ಬ್ರ್ಯಾಕ್ ಗ್ಯಾಲ್’, ಬೆಳ್ಳನೆಯ ಟ್ರೌಟ್. ಅಳಿವೆಯಲ್ಲಿ ಒಳಬರುವಾಗ ಅದು ಹೊಚ್ಚ ಹೊಸ ತಗಡಿನಂತೆ ಹೊಳೆಯುತ್ತದೆ. ಸಣ್ಣ ಮಡುಗಳಲ್ಲಿ ಕೆಲವು ವಾರ ಕಳೆದು, ಮೊಟ್ಟೆಯಿಡಲು ಮೇಲಿನ ಜಲ್ಲಿಗಲ್ಲಿನ ಹರಿವಿಗೆ ತಲುಪುವ ಹೊತ್ತಿಗೆ ಅದರ ಬೆಳ್ಳಿ ಮಾಸಿ, ಮೈಗೆಲ್ಲ ಹೊಳೆಯ ಬಣ್ಣ ಬಂದಿರುತ್ತದೆ.